ಹಾಡಿನ ಕಡತ ಯಾರ ಸರ್ವರಿನಲ್ಲಿದೆ?

ದಾವಣಗೆರೆಯಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗಳೊಂದಿಗೆ ವಿಕೇಂದ್ರೀಕೃತ ಸಂಗೀತ ಪ್ರಸಾರದ, ಅಂದರೆ ಒಂದೇ ಕಂಪನಿಯ ಬದಲು ಹಲವರು ನಡೆಸುವ ಸರ್ವರುಗಳಿಂದ (ಜಾಲಕ್ಕೆ ಸದಾ ಜೋಡಿಸಿಟ್ಟ ಕಂಪ್ಯೂಟರುಗಳಿಂದ) ಹಾಡು ಕೇಳಿಸುವ ವ್ಯವಸ್ಥೆಯ ಮಾತು ತೆಗೆದರೆ, ಕದ್ದ ಹಾಡುಗಳನ್ನು ಹಂಚುವ ಟೊರೆಂಟಿನ ಇನ್ನೊಂದು ರೂಪವಿದು ಎಂದು ಕೆಲವರು ಹೇಳುತ್ತಾರೆ. ಬಿಟ್‌ಕಾಯಿನ್‌ನ ಹಿಂದಿರುವ ಬ್ಲಾಕ್‌ಚೈನ್ ತಂತ್ರಜ್ಞಾನ ಇಲ್ಲದೆ ಇದು ನಡೆಯುವುದೇ ಇಲ್ಲವೆಂದು ಇನ್ನು ಕೆಲವರು ನಂಬಿದ್ದಾರೆ. ಎರಡೂ ತಪ್ಪು. ಇದರ ಹಿಂದಿರುವ ಉಪಾಯ ಬ್ಲಾಕ್‌ಚೈನಿಗಿಂತ ಎಷ್ಟೋ ಹಳೆಯದು, ಎಷ್ಟೋ ಸರಳವಾದದ್ದು.

ಅಮೆರಿಕದ ಗ್ರೂವ್‌ಶಾರ್ಕ್ ಎಂಬ ಸಂಗೀತ ಪ್ರಸಾರ ಸೇವೆ ರೆಕಾರ್ಡ್ ಕಂಪನಿಗಳೊಂದಿಗಿನ ಮೊಕದ್ದಮೆಯಲ್ಲಿ ರಾಜಿ ಮಾಡಿಕೊಂಡು 2015ರ ಏಪ್ರಿಲ್ 30ರಂದು ಬಾಗಿಲು ಹಾಕಿತು. ಕೇಳುಗರು ವರ್ಷಗಟ್ಟಲೆ ಜೋಡಿಸಿಕೊಂಡಿದ್ದ ಪಟ್ಟಿಗಳೂ ಅದರೊಂದಿಗೇ ಹೋದವು. ಆ ಸೇವೆಯಿಂದ ಸ್ಫೂರ್ತಿ ಪಡೆದು ಹುಟ್ಟಿದ ಮುಕ್ತ ತಂತ್ರಾಂಶವೇ ಫಂಕ್‌ವೇಲ್. ಇದನ್ನು ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ಸ್ಥಾಪಿಸಿಕೊಳ್ಳಬಹುದು. ನ್ಯಾವಿಡ್ರೋಮ್‌ನಂಥ ತಂತ್ರಾಂಶಗಳೂ ಮನೆಮಟ್ಟಿಗೆ ಸೊಗಸಾಗಿ ಕೆಲಸ ಮಾಡುತ್ತವೆಯಾದರೂ ಅವುಗಳ ಒಂದು ಸರ್ವರ್ ಇನ್ನೊಂದರೊಂದಿಗೆ ಮಾತನಾಡುವುದಿಲ್ಲ. ಫಂಕ್‌ವೇಲ್ ಮಾತನಾಡುತ್ತದೆ, ಮತ್ತು ನನ್ನನ್ನು ಸೆಳೆದದ್ದು ಆ ಮಾತುಕತೆಯ ಕ್ರಮ.

ಚಿತ್ರದುರ್ಗದ ಒಂದು ಕಲಾತಂಡ ತನ್ನ ಧ್ವನಿಮುದ್ರಣಗಳನ್ನು ತನ್ನದೇ ಸರ್ವರಿನಲ್ಲಿ ಇಟ್ಟಿದೆ ಎಂದುಕೊಳ್ಳೋಣ. ದಾವಣಗೆರೆಯ ಇನ್ನೊಂದು ಸರ್ವರಿನಲ್ಲಿ ಖಾತೆಯಿರುವ ಕೇಳುಗಳೊಬ್ಬಳು ಆ ಸಂಗ್ರಹದ ವಿಳಾಸವನ್ನು ನಮೂದಿಸಿದಾಗ, ಅವಳ ಸರ್ವರ್ ‘ಈ ಸಂಗ್ರಹವನ್ನು ಅನುಸರಿಸಲು ಅನುಮತಿ ಕೊಡಿ’ ಎಂಬ ಕೋರಿಕೆಯನ್ನು ಚಿತ್ರದುರ್ಗದ ಸರ್ವರಿನ ಇನ್‌ಬಾಕ್ಸ್‌ಗೆ ಕಳುಹಿಸುತ್ತದೆ. ಕೋರಿಕೆಗೆ ಅವಳ ಖಾತೆಯ ಗುಪ್ತ ಕೀಲಿಯಿಂದ ಮಾಡಿದ ಡಿಜಿಟಲ್ ಸಹಿ ಇರುತ್ತದೆ. ಅದು ಹಳೆಯ ಕಾಲದ ಲಕೋಟೆಯ ಮೇಲಿನ ಅರಗಿನ ಮುದ್ರೆಯಿದ್ದಂತೆ: ಯಾರು ಬೇಕಾದರೂ ಮುದ್ರೆಯನ್ನು ಗುರುತಿಸಬಹುದು, ಒತ್ತುವ ಅಚ್ಚು ಮಾತ್ರ ಒಬ್ಬರ ಬಳಿಯಲ್ಲೇ ಇರುತ್ತದೆ. ಚಿತ್ರದುರ್ಗದ ಸರ್ವರ್ ಆ ಗುಪ್ತ ಕೀಲಿಯ ಜೋಡಿಯಾದ, ಎಲ್ಲರೂ ನೋಡಬಹುದಾದ ಅವಳ ಬಹಿರಂಗ ಕೀಲಿಯನ್ನು ದಾವಣಗೆರೆಯ ಸರ್ವರಿನಿಂದಲೇ ತರಿಸಿಕೊಂಡು ಸಹಿಯನ್ನು ತಾಳೆ ನೋಡುತ್ತದೆ. ಸಂಗ್ರಹ ಸಾರ್ವಜನಿಕವಾಗಿದ್ದರೆ ಕೂಡಲೇ ಒಪ್ಪಿಗೆ ಹೋಗುತ್ತದೆ. ಖಾಸಗಿಯಾಗಿದ್ದರೆ ತಂಡದವರು ಒಪ್ಪಬೇಕು. ಒಪ್ಪಿಗೆ ಸಿಕ್ಕ ಮೇಲೆ ದಾವಣಗೆರೆಗೆ ಬರುವುದು ಹಾಡು, ಗಾಯಕರು, ಆಲ್ಬಮ್ಮುಗಳ ಹೆಸರುಗಳ ಪಟ್ಟಿ ಮಾತ್ರ. ಅವಳು ಹಾಡೊಂದನ್ನು ಒತ್ತಿದಾಗಷ್ಟೇ ಅವಳ ಸರ್ವರ್ ಮೂಲ ಸರ್ವರಿನಿಂದ ಆ ಒಂದು ಕಡತವನ್ನು ತರಿಸಿ, ಕೇಳಿಸಿ, ಸ್ವಲ್ಪ ಕಾಲ ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಟೊರೆಂಟಿನಲ್ಲಾದರೆ ಕಡತವನ್ನು ಪಡೆದವರೆಲ್ಲರೂ ಅದರ ತುಣುಕುಗಳನ್ನು ಇತರರಿಗೆ ಹಂಚುತ್ತಾರೆ. ಇಲ್ಲಿ ಕೊಡುವವರು ಯಾರು, ಪಡೆಯುವವರು ಯಾರು ಎಂಬುದು ಪ್ರತಿ ಹೆಜ್ಜೆಯಲ್ಲೂ ಸ್ಪಷ್ಟವಾಗಿರುತ್ತದೆ.

ಸರ್ವರುಗಳ ನಡುವಿನ ಈ ಸಂಭಾಷಣೆಯ ನಿಯಮಾವಳಿಯ ಹೆಸರು ಆಕ್ಟಿವಿಟಿಪಬ್. 2018ರ ಜನವರಿಯಲ್ಲಿ ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಅದನ್ನು ಅಧಿಕೃತ ಶಿಫಾರಸಾಗಿ ಪ್ರಕಟಿಸಿತು. ಆದರೆ ಬೇರು ಇನ್ನೂ ಆಳದಲ್ಲಿದೆ. ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್ಸನ್ 1971ರಲ್ಲಿ ಒಂದು ಕಂಪ್ಯೂಟರಿನಿಂದ ಪಕ್ಕದಲ್ಲೇ ಇದ್ದ ಇನ್ನೊಂದಕ್ಕೆ ಜಾಲದ ಮೂಲಕ ಸಂದೇಶ ಕಳುಹಿಸಿದಾಗ, ವ್ಯಕ್ತಿಯ ಹೆಸರನ್ನೂ ಯಂತ್ರದ ಹೆಸರನ್ನೂ @ ಚಿಹ್ನೆಯಿಂದ ಬೇರ್ಪಡಿಸಿದರು. ಯಾವ ಕೇಂದ್ರ ಕಚೇರಿಯ ಅಪ್ಪಣೆಯೂ ಇಲ್ಲದೆ ಇಮೇಲ್ ಇಂದಿಗೂ ನಡೆಯುತ್ತಿರುವುದು ಅದೇ ವಿಳಾಸ ಪದ್ಧತಿಯಿಂದ. ಫಂಕ್‌ವೇಲ್ ಖಾತೆಯ ವಿಳಾಸದಲ್ಲೂ ಮೊದಲು ಹೆಸರು, ಆಮೇಲೆ ಸರ್ವರು.

ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಸಿ.ಡಿ.ಯ ಧ್ವನಿಗೆ ಪ್ರತಿ ಸೆಕೆಂಡಿಗೆ 14,11,200 ಬಿಟ್‌ಗಳು ಬೇಕಾಗುತ್ತವೆ. 2012ರಲ್ಲಿ ಮಾನಕವಾದ ಓಪಸ್ ಎಂಬ ಮುಕ್ತ ಸಂಕೋಚನ ವಿಧಾನದಲ್ಲಿ 1,28,000 ಬಿಟ್‌ಗಳಲ್ಲೇ ಬಹುಪಾಲು ಕಿವಿಗಳಿಗೆ ತೃಪ್ತಿಯಾಗುತ್ತದೆ. ಈ ಲೆಕ್ಕದಲ್ಲಿ ಒಂದು ಟೆರಾಬೈಟ್ ಡಿಸ್ಕಿನಲ್ಲಿ 17,000 ಗಂಟೆಗಳಿಗೂ ಹೆಚ್ಚು ಸಂಗೀತ ಹಿಡಿಸುತ್ತದೆ.

ನಮ್ಮ ಭಾಗಕ್ಕೆ ಇದು ಬೇಕೇಬೇಕು ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಯಂಥವರು ನೆನಪಿನಿಂದಲೇ ಹಾಡುತ್ತಿದ್ದ ಪದಗಳು, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ವೃತ್ತಿ ನಾಟಕ ಕಂಪನಿಗಳ ರಂಗಗೀತೆಗಳು – ಇಂಥವುಗಳಿಗೆ ದೊಡ್ಡ ಕಂಪನಿಗಳ ಲೆಕ್ಕಾಚಾರದಲ್ಲಿ ಮೇಲಿನ ಸ್ಥಾನ ಸಿಗುವುದು ಕಷ್ಟ. ಯಾರದೋ ಕಪಾಟಿನಲ್ಲಿ ಉಳಿದಿರುವ ಕ್ಯಾಸೆಟ್ಟನ್ನು ಡಿಜಿಟಲ್ ಕಡತವಾಗಿಸಿ ಹೀಗೆ ಇಡಬಹುದು. ಹಕ್ಕಿನ ಪ್ರಶ್ನೆಯನ್ನು ಮಾತ್ರ ಮರೆಯುವಂತಿಲ್ಲ: ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ, ಸಾಹಿತ್ಯದ ಹಕ್ಕಿನ ಅವಧಿ ಬೇರೆ, ಹಾಡಿದವರ ಹಕ್ಕು 50 ವರ್ಷ. ಆದ್ದರಿಂದ ಜನಪದ ಹಾಡಾದರೂ ಹಾಡಿದವರ ಒಪ್ಪಿಗೆಯನ್ನು ಮೊದಲೇ ಬರೆಸಿಕೊಳ್ಳಬೇಕು.

ಮನೆಯಲ್ಲೇ ಸರ್ವರ್ ಇಡುವವರಿಗೆ ಎದುರಾಗುವ ದೊಡ್ಡ ತೊಡಕು ಇಂಟರ್ನೆಟ್ ಸಂಪರ್ಕದ್ದು. ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಹಲವು ಮನೆಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಂಡಿರುವುದರಿಂದ ಹೊರಗಿನ ಕೋರಿಕೆಗಳು ಮನೆಯ ಯಂತ್ರವನ್ನು ತಲುಪುವುದಿಲ್ಲ. ಸ್ಥಿರ ವಿಳಾಸವನ್ನು ಕೇಳಿ ಪಡೆಯಬೇಕು, ಇಲ್ಲವೇ ಬಾಡಿಗೆಯ ಸಣ್ಣ ಸರ್ವರ್ ಹಿಡಿಯಬೇಕು. ಇನ್ನೊಂದು ಸಂಗತಿಯನ್ನು ಹೊಸಬರು ಗಮನಿಸುವುದೇ ಇಲ್ಲ. ಸರ್ವರುಗಳು ಪರಸ್ಪರ ಬೆಸೆದುಕೊಂಡಿವೆ ಎಂದ ಮಾತ್ರಕ್ಕೆ ಹಾಡುಗಳ ಪ್ರತಿಗಳು ಎಲ್ಲೆಡೆ ಇವೆ ಎಂದಲ್ಲ. ಚಿತ್ರದುರ್ಗದ ಡಿಸ್ಕ್ ಕೆಟ್ಟರೆ ದಾವಣಗೆರೆಯ ಸರ್ವರಿನಲ್ಲಿ ಉಳಿಯುವುದು ಹೆಸರುಗಳ ಪಟ್ಟಿ ಮತ್ತು ಇತ್ತೀಚೆಗೆ ಕೇಳಿದ ಕೆಲವು ಕಡತಗಳು ಮಾತ್ರ. ಆದ್ದರಿಂದ ಇಡೀ ಸಂಗ್ರಹದ ಒಂದು ಪ್ರತಿಯನ್ನು ಪ್ರತ್ಯೇಕ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೊಂದು ಕಟ್ಟಡದಲ್ಲಿ, ಮೊದಲ ದಿನದಿಂದಲೇ ಇಡಬೇಕು.