ಕಲಬುರಗಿಯ ಬೇಸಿಗೆ ವೇಳೆ ಮತ್ತು ದುಡಿಮೆಯ ವಿಜ್ಞಾನ

ಏಪ್ರಿಲ್ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿಯ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಮುಗಿತಾಯ. ಮೇ ಕೊನೆಯವರೆಗೂ ಹೀಗೇ. ಬೇರೆ ಕಡೆಯವರಿಗೆ ಇದು ನೌಕರರಿಗೆ ಪುಕ್ಕಟೆ ಸಿಕ್ಕ ಅರ್ಧ ದಿನದ ರಜೆಯಂತೆ ಕಾಣಬಹುದು. ದುಡಿಮೆಯ ಬಗ್ಗೆ ನಡೆದಿರುವ ಸಂಶೋಧನೆಗಳನ್ನು ಓದಿದರೆ ಈ ಆದೇಶದ ಹಿಂದಿರುವ ತಿಳಿವಳಿಕೆ ದೊಡ್ಡದು ಅನಿಸುತ್ತದೆ.

ಸೆಕೆ ಏರಿದಾಗ ದೇಹವನ್ನು ತಂಪಾಗಿಡಲು ಹೃದಯ ಹೆಚ್ಚು ರಕ್ತವನ್ನು ಚರ್ಮದತ್ತ ತಳ್ಳಬೇಕಾಗುತ್ತದೆ. ಬೆವರಿನಲ್ಲಿ ನೀರು, ಉಪ್ಪು ಎರಡೂ ಹೋಗುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2019ರ ವರದಿಯ ಪ್ರಕಾರ ಉಷ್ಣಾಂಶ 24ರಿಂದ 26 ಡಿಗ್ರಿ ಸೆಲ್ಸಿಯಸ್ ದಾಟಿದಾಗಲೇ ಕೆಲಸದ ಗತಿ ಕುಗ್ಗತೊಡಗುತ್ತದೆ. 33-34 ಡಿಗ್ರಿಯಲ್ಲಿ ಮಧ್ಯಮ ಶ್ರಮದ ಕೆಲಸ ಮಾಡುವವರ ಸಾಮರ್ಥ್ಯ ಅರ್ಧಕ್ಕಿಳಿಯುತ್ತದೆ. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಹೊಸದೇನಲ್ಲ.

ಬಿಸಿಲಿಲ್ಲದ ಕಡೆಯೂ ಗಂಟೆ ಹೆಚ್ಚಿದಷ್ಟೂ ಕೆಲಸ ಹೆಚ್ಚುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಬರೆದಿಟ್ಟ ಲೆಕ್ಕಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆಂಕಾವೆಲ್ ಮತ್ತೆ ಕೆದಕಿ ನೋಡಿದರು. ವಾರಕ್ಕೆ 70 ಗಂಟೆ ದುಡಿದವರ ಉತ್ಪಾದನೆಗೂ 56 ಗಂಟೆ ದುಡಿದವರ ಉತ್ಪಾದನೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಆ ಹದಿನಾಲ್ಕು ಗಂಟೆ ಬರೀ ದಣಿವಿಗೆ ಹೋಗಿತ್ತು.

ಹಾಗಾದರೆ ಗಂಟೆ ಕಡಿಮೆ ಮಾಡಿ, ಮನೆಯಿಂದಲೇ ಕೆಲಸ ಕೊಟ್ಟರೆ ಸಾಕೇ? ಚೀನಾದ ಸೀಟ್ರಿಪ್ ಪ್ರವಾಸ ಕಂಪನಿಯಲ್ಲಿ ಸ್ಟ್ಯಾನ್‌ಫರ್ಡ್‌ನ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಮನೆಯಿಂದ ಕೆಲಸ ಮಾಡಿಸುವುದನ್ನು ಪ್ರಯೋಗ ಮಾಡಿಯೇ ನೋಡಿದರು. ಕಾಲ್ ಸೆಂಟರ್ ನೌಕರರಲ್ಲಿ ಒಪ್ಪಿದವರ ಪೈಕಿ ಸಮಸಂಖ್ಯೆಯ ತಾರೀಖಿನಂದು ಹುಟ್ಟಿದವರಿಗೆ ಮನೆ, ಉಳಿದವರಿಗೆ ಕಚೇರಿ. ಒಂಬತ್ತು ತಿಂಗಳಲ್ಲಿ ಮನೆಯಿಂದ ದುಡಿದವರ ಕೆಲಸ ಶೇ 13ರಷ್ಟು ಏರಿತು, ನೌಕರಿ ಬಿಡುವವರ ಪ್ರಮಾಣ ಅರ್ಧಕ್ಕಿಳಿಯಿತು. ನನಗೆ ಹೆಚ್ಚು ಮುಖ್ಯವೆನಿಸುವುದು ಆಮೇಲಿನದು. ಯಾರಿಗೆ ಯಾವುದು ಬೇಕೋ ಆರಿಸಿಕೊಳ್ಳಿ ಎಂದಾಗ ಅರ್ಧಕ್ಕಿಂತ ಹೆಚ್ಚು ಜನ ಮನಸ್ಸು ಬದಲಿಸಿದರು. ಮನೆಯಲ್ಲಿ ಒಬ್ಬರೇ ಕೂತು ಬೇಸತ್ತವರು ಕಚೇರಿಗೆ ಮರಳಿದರು. ಹೀಗೆ ಆಯ್ಕೆ ಕೊಟ್ಟ ಮೇಲೆ ಕೆಲಸದಲ್ಲಿನ ಏರಿಕೆ ಶೇ 13ರಿಂದ ಶೇ 22ಕ್ಕೆ ಹೋಯಿತು.

ನಮ್ಮ ಬೇಸಿಗೆ ವೇಳೆಯಲ್ಲಿ ಆ ಆಯ್ಕೆ ಇಲ್ಲ. ಆಳಂದದಿಂದ ಕಲಬುರಗಿಗೆ ಬಸ್ಸಿನಲ್ಲಿ ಬರುವ ಮಹಿಳಾ ಗುಮಾಸ್ತರನ್ನು ನೆನೆಯಿರಿ. ನೀರು ಹಿಡಿದು, ರೊಟ್ಟಿ ಬಡಿದು, ಮಕ್ಕಳ ಊಟ ಮುಚ್ಚಿಟ್ಟು ಎಂಟರೊಳಗೆ ಕುರ್ಚಿಯಲ್ಲಿರಬೇಕೆಂದರೆ ಅವರ ದಿನ ನಸುಕಿಗೇ ಶುರುವಾಗುತ್ತದೆ. ಒಂದೂವರೆಗೆ ಕಚೇರಿ ಬಾಗಿಲು ಹಾಕಿದರೂ ವಾಟ್ಸ್‌ಆ್ಯಪ್ ಗುಂಪಿಗೆ ಬಾಗಿಲಿಲ್ಲ. ‘ಮಾಹಿತಿ ತುರ್ತಾಗಿ ಕಳಿಸಿ’ ಎಂಬ ಸಂದೇಶ ಮೂರು ಗಂಟೆಗೆ, ಕಣ್ಣು ಹತ್ತುವ ಹೊತ್ತಿಗೇ ಬರುತ್ತದೆ. ಜರ್ಮನಿಯ ಮನೋವಿಜ್ಞಾನಿ ಸಬೀನ್ ಸೊನೆಂಟಾಗ್ ಹಲವು ವರ್ಷಗಳಿಂದ ತೋರಿಸುತ್ತಿರುವುದು ಇದನ್ನೇ: ಕೆಲಸ ಮುಗಿದ ಮೇಲೆ ಮನಸ್ಸೂ ಅದರಿಂದ ಬಿಡಿಸಿಕೊಂಡರೆ ಮಾತ್ರ ದಣಿವು ಆರುತ್ತದೆ. ಮನೆಗೆ ಬಂದರೂ ತಲೆಯಲ್ಲಿ ಕಡತವೇ ಸುತ್ತುತ್ತಿದ್ದರೆ ಬಿಡುವಿನ ಗಂಟೆ ಲೆಕ್ಕಕ್ಕುಂಟು, ಆಟಕ್ಕಿಲ್ಲ. ತುರ್ತಲ್ಲದ ಸಂದೇಶವನ್ನು ಮರುದಿನದ ಎಂಟು ಗಂಟೆಗೆ ಇಡುವುದಕ್ಕೆ ಖರ್ಚೇನೂ ಬೀಳುವುದಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ಫ್ಯಾನಿನ ಕೆಳಗೆ ಕೂರುವವರಿಗೆ ಈ ವೇಳೆ ಸಿಕ್ಕಿದೆ. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊರುವ ಹಮಾಲರಿಗೆ, ಶಹಾಬಾದ್ ಕಡೆಯ ಕಲ್ಲು ಖಣಿಯಲ್ಲಿ ಪರಸಿ (ನೆಲಕ್ಕೆ ಹಾಸುವ ಕಲ್ಲು) ಎತ್ತುವವರಿಗೆ ಅದು ಮೊದಲು ಸಿಗಬೇಕಿತ್ತು. ಚೀಲಕ್ಕಿಷ್ಟು ಎಂದು ಕೂಲಿ ಎಣಿಸುವಲ್ಲಿ ನೆರಳಿಗೆ ಕೂತ ಪ್ರತಿ ಗಳಿಗೆಯೂ ಕೂಲಿಯ ನಷ್ಟ. ಅಲ್ಲಿ ಬರೀ ವೇಳೆ ಬದಲಿಸಿದರೆ ಸಾಲದು. ಮಧ್ಯಾಹ್ನದ ಬಿಡುವಿಗೂ ಕೂಲಿ ಕಟ್ಟಿಕೊಡಬೇಕು, ಹತ್ತಿರದಲ್ಲೇ ನೆರಳು, ಕುಡಿಯುವ ನೀರು ಇರಬೇಕು.