ಗೌನಿನೊಳಗಿನ ಸೀರೆ: ಉನ್ನತ ಹುದ್ದೆಯ ಮಹಿಳೆಯರ ಉಡುಪಿನ ಹಿನ್ನೆಲೆ

ಘಟಿಕೋತ್ಸವದ ಮೆರವಣಿಗೆ ಹೊರಡುವ ಮುನ್ನ ವೇದಿಕೆಯ ಹಿಂದಿನ ಕೋಣೆಯಲ್ಲಿ ಹತ್ತು ನಿಮಿಷ ನಿಂತು ನೋಡಬೇಕು. ಗಂಡಸರು ಶರ್ಟಿನ ಮೇಲೆ ಗೌನು ಏರಿಸಿಕೊಂಡು ಆಗಲೇ ಸಾಲಿನಲ್ಲಿ ನಿಂತಿರುತ್ತಾರೆ. ಮಹಿಳಾ ಡೀನ್ ಒಬ್ಬರು ಇನ್ನೂ ಕನ್ನಡಿಯ ಮುಂದೆಯೇ ಇರುತ್ತಾರೆ. ರೇಷ್ಮೆ ಸೀರೆಯ ಸೆರಗು ಗೌನಿನ ತೋಳಿನೊಳಗೆ ಮುದುಡಿರುತ್ತದೆ. ಹೆಗಲ ಮೇಲಿನ ಬಣ್ಣದ ಪಟ್ಟಿ ನುಣುಪು ಬಟ್ಟೆಯ ಮೇಲೆ ನಿಲ್ಲದೆ ಜಾರುತ್ತದೆ. ಸಹೋದ್ಯೋಗಿಯೊಬ್ಬರು ಎರಡು ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಮೂರನೆಯದನ್ನು ಚುಚ್ಚುತ್ತಿರುತ್ತಾರೆ. ಅಷ್ಟರಲ್ಲಿ ಮೈಕಿನ ಹುಡುಗ ಬಂದು ಕಾಲರ್ ಮೈಕ್ ಎಲ್ಲಿ ಸಿಕ್ಕಿಸಲಿ ಎಂದು ಕೇಳುತ್ತಾನೆ. ಕಾಲರ್ ಇಲ್ಲ. ಅದರ ಪೆಟ್ಟಿಗೆ ಇಟ್ಟುಕೊಳ್ಳಲು ಜೇಬೂ ಇಲ್ಲ, ಬೆಲ್ಟೂ ಇಲ್ಲ.

ವಿಶ್ವವಿದ್ಯಾಲಯದ ಕುಲಪತಿ, ಕುಲಸಚಿವೆ, ಡೀನ್ ಅಥವಾ ಪ್ರಾಂಶುಪಾಲೆಯಾದ ಮಹಿಳೆ ಏನು ಉಡಬೇಕು ಎಂಬ ಚರ್ಚೆ ಈಗ ಎಷ್ಟು ಗಂಟುಗಂಟಾಗಿದೆಯೆಂದರೆ, ಒಬ್ಬರು ಸಂಸ್ಕೃತಿಯ ಮಾತನಾಡಿದರೆ ಇನ್ನೊಬ್ಬರು ಶಿಸ್ತಿನ ಮಾತನಾಡುತ್ತಾರೆ, ಮತ್ತೊಬ್ಬರು ವಸಾಹತುಶಾಹಿಯ ಮಾತೆತ್ತುತ್ತಾರೆ. ಕೊಡಗಿನಲ್ಲಿ ಇದಕ್ಕೆ ಇನ್ನೂ ಒಂದು ಎಳೆ ಸೇರುತ್ತದೆ. ಇಲ್ಲಿ ಉಡುಪೆಂದರೆ ಗುರುತು. 2024ರ ಕೊನೆಯಲ್ಲಿ ಕಟ್ಟೆಮಾಡಿನ ದೇವಾಲಯಕ್ಕೆ ಕೊಡವರ ಸಾಂಪ್ರದಾಯಿಕ ಉಡುಪಿನಲ್ಲಿ ಬರಬಹುದೇ ಎಂಬ ಪ್ರಶ್ನೆ ಎದ್ದಾಗ ಜಿಲ್ಲೆ ಎಷ್ಟು ಬೇಗ ಕಾವೇರಿತು ಎಂಬುದನ್ನು ಎಲ್ಲರೂ ಕಂಡಿದ್ದೇವೆ. ಹಾಗಾಗಿ ಎಲ್ಲಿಂದ ಏನು ಬಂತು ಎಂದು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು.

ಗೌನು ಬಂದದ್ದು 1857ರಲ್ಲಿ, ಕಲ್ಕತ್ತ, ಮುಂಬಯಿ ಮತ್ತು ಮದರಾಸಿನ ವಿಶ್ವವಿದ್ಯಾಲಯಗಳ ಜೊತೆಗೆ. ಯುರೋಪಿನ ಪಾದ್ರಿಗಳ ನಿಲುವಂಗಿಯಿಂದ ಬೆಳೆದ, ಚಳಿನಾಡಿನ ಗಂಡಸಿನ ಮೈಗೆ ಹೊಲಿದ ಬಟ್ಟೆ ಅದು. ದೇಶದ ಮೊದಲ ಮಹಿಳಾ ಪದವೀಧರರಾದ ಕಾದಂಬಿನಿ ಗಂಗೂಲಿ ಮತ್ತು ಚಂದ್ರಮುಖಿ ಬಸು 1883ರಲ್ಲಿ ಕಲ್ಕತ್ತದಲ್ಲಿ ಪದವಿ ಪಡೆಯುವ ಹೊತ್ತಿಗೆ ಮೆರವಣಿಗೆಯ ನಿಯಮಗಳೆಲ್ಲ ಗಟ್ಟಿಯಾಗಿದ್ದವು. ಇನ್ನು ಆಫೀಸಿನ ಸೀರೆ. ಅನಾದಿ ಕಾಲದ್ದೆಂದು ನಾವು ನಂಬಿರುವ ಈ ಉಡುಗೆಗೂ ಒಂದು ಜನ್ಮದಿನಾಂಕವಿದೆ. 1860ರ ದಶಕದಲ್ಲಿ ಮುಂಬಯಿಗೆ ಹೋದ, ಬಂಗಾಳದ ಠಾಕೂರ್ ಮನೆತನದ ಸೊಸೆ ಜ್ಞಾನದಾನಂದಿನಿ ದೇವಿ ಅಲ್ಲಿನ ಪಾರ್ಸಿ ಮಹಿಳೆಯರನ್ನು ನೋಡಿ, ರವಿಕೆ ಮತ್ತು ಒಳಲಂಗದೊಂದಿಗೆ ಸೀರೆಯುಡುವ ಕ್ರಮವನ್ನು ಬಂಗಾಳಕ್ಕೆ ತಂದರು. ಮನೆಯ ಹೊಸಿಲು ದಾಟಿದ ಹೆಂಗಸಿಗೆ ನಾಲ್ಕು ಜನರ ನಡುವೆ ನಿರಾಳವಾಗಿ ನಿಲ್ಲಲು ಒಂದು ಉಡುಗೆ ಬೇಕಿತ್ತು, ಅದಕ್ಕಾಗಿ ಹುಟ್ಟಿದ ಸುಧಾರಣೆ ಇದು. ನಮ್ಮ ಕಾಲೇಜುಗಳಲ್ಲಿ 'ಪದ್ಧತಿ' ಎಂದು ಕರೆಸಿಕೊಳ್ಳುವ ಸೀರೆ ಒಂದು ಕಾಲದ ಹೊಸ ಫ್ಯಾಷನ್ನು ಎಂಬುದನ್ನು ನೆನಪಿಡಬೇಕು.

ಅಧಿಕಾರದ ಕುರ್ಚಿ ಸಿಗಲು ಇನ್ನೂ ಬಹಳ ಕಾಲ ಹಿಡಿಯಿತು. 1949ರಲ್ಲಿ ಸ್ವಾತಂತ್ರ್ಯ ಹೋರಾಟಗಾರ್ತಿ ಹಂಸಾ ಮೆಹ್ತಾ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಕುಲಪತಿಯಾದರು. ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಆರಂಭವಾದದ್ದೂ ಅದೇ ವರ್ಷ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯಕ್ಕೆ ಮೊದಲ ಮಹಿಳಾ ಕುಲಪತಿಯಾಗಿ ಸೆಲ್ವಿ ದಾಸ್ ಬಂದದ್ದು 1988ರಲ್ಲಿ, ಎಪ್ಪತ್ತೆರಡು ವರ್ಷಗಳ ನಂತರ. ಅಷ್ಟರಲ್ಲಿ ಕೊಡಗಿನ ಕಾಲೇಜುಗಳು ಮೈಸೂರಿನ ಕೈ ಬಿಟ್ಟು, 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾಲಯದ ತೆಕ್ಕೆಗೆ ಸೇರಿದ್ದವು.

ನಾನು ಕೊಡಗಿನ ಕಾಲೇಜೊಂದಕ್ಕೆ ಉಪನ್ಯಾಸಕಿಯಾಗಿ ಸೇರಿದ್ದು 1990ರ ದಶಕದ ಆರಂಭದಲ್ಲಿ. ಆ ಹತ್ತು ವರ್ಷಗಳನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಂದಿನ ಅನೇಕ ಅಲಿಖಿತ ನಿಯಮಗಳು ಗಟ್ಟಿಯಾದದ್ದೂ ಸಡಿಲಗೊಂಡದ್ದೂ ಆಗಲೇ. ಸೀರೆ ಕಡ್ಡಾಯ ಎಂಬ ಆದೇಶದ ಪ್ರತಿಯನ್ನು ನಾನು ಒಂದು ದಿನವೂ ನೋಡಲಿಲ್ಲ. ಆದರೂ ಸ್ಟಾಫ್ ರೂಮಿನಲ್ಲಿದ್ದ ಎಲ್ಲರೂ ಸೀರೆಯಲ್ಲೇ ಇದ್ದೆವು. ಪಾಠಕ್ಕೆ ಗಂಜಿ ಹಾಕಿದ ಹತ್ತಿ ಸೀರೆ, ಮಳೆಗಾಲಕ್ಕೆ ಬೇಗ ಒಣಗುವ ಸಿಂಥೆಟಿಕ್, ವಿಶ್ವವಿದ್ಯಾಲಯದ ತಪಾಸಣಾ ತಂಡ ಬಂದರೆ ರೇಷ್ಮೆ. ಕೊಡಗಿನ ಜುಲೈ ತಿಂಗಳನ್ನು ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಬಸ್ಸಿಳಿದು ಏರು ಹತ್ತುವಷ್ಟರಲ್ಲಿ ನೆರಿಗೆಯ ಅಂಚಿನಲ್ಲಿ ಒಂದು ಗೇಣು ಕೆಂಪು ಮಣ್ಣು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹಾಜರಿ ಪುಸ್ತಕ, ನೆರಿಗೆ ಎತ್ತಿ ಹಿಡಿಯಲು ಮೂರನೆಯ ಕೈ ಯಾರಿಗೂ ಇರಲಿಲ್ಲ. ಒದ್ದೆ ಸೀರೆಯಲ್ಲೇ ಮಧ್ಯಾಹ್ನದವರೆಗೆ ಪಾಠ ಮಾಡಿ, ಕಾಲಿಗೆ ಹತ್ತಿದ ಜಿಗಣೆಯನ್ನು ಬಿಡುವಿನ ವೇಳೆಯಲ್ಲಿ ಉಪ್ಪು ಹಾಕಿ ಬಿಡಿಸಿದ್ದೇವೆ.

ಅಂಥ ಒಂದು ಬೆಳಿಗ್ಗೆ ಕಿರಿಯ ಸಹೋದ್ಯೋಗಿಯೊಬ್ಬಳು ಚೂಡಿದಾರದಲ್ಲಿ ಬಂದಳು. ಯಾರೂ ಗದರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಟೆಂಡರ್ ಮೂಲಕ ಒಂದು ಮಾತು ಬಂತು: 'ನಾಳೆಯಿಂದ ಸೀರೆಯಲ್ಲಿ ಬಂದರೆ ಚೆನ್ನಾಗಿರುತ್ತದಂತೆ, ಮೇಡಂ.' ಯಾರು ಹೇಳಿದರು ಎಂಬುದು ಕೊನೆಗೂ ತಿಳಿಯಲಿಲ್ಲ. ಹಿರಿಯರಾದ ನಾವು ಸುಮ್ಮನಿದ್ದೆವು. ಸೀರೆಯುಟ್ಟರೆ ವಯಸ್ಸು ನಾಲ್ಕು ವರ್ಷ ಹೆಚ್ಚಿ ಕಾಣುತ್ತದೆ, ಹಿಂದಿನ ಬೆಂಚಿನ ಹುಡುಗರು ಹದ್ದುಬಸ್ತಿನಲ್ಲಿರುತ್ತಾರೆ ಎಂದು ನಮ್ಮಲ್ಲೇ ಕೆಲವರು ನಂಬಿದ್ದರು. ಆ ನಂಬಿಕೆಯಲ್ಲಿ ಸತ್ಯವೂ ಇತ್ತು. ಸೀರೆ ನಮಗೆ ಹೊರೆಯಾಗಿದ್ದಂತೆ ರಕ್ಷಾಕವಚವೂ ಆಗಿತ್ತು. ಮುಂದೆ ಮಹಿಳೆಯೊಬ್ಬರು ಪ್ರಾಂಶುಪಾಲರಾಗಿ ಬಂದರು. ಒಂದು ಮಳೆಯ ದಿನ ಅವರೇ ಕಡುನೀಲಿ ಚೂಡಿದಾರ ಮತ್ತು ಸ್ವೆಟರಿನಲ್ಲಿ ಬಂದು, ಪ್ರಾರ್ಥನೆಗೆ ನಿಂತು, ಸಹಿ ಮಾಡಿ, ಕೆಲಸ ಶುರು ಮಾಡಿದರು. ಭಾಷಣ ಇಲ್ಲ, ಸುತ್ತೋಲೆ ಇಲ್ಲ. ಮರುವಾರದಿಂದ ಸ್ಟಾಫ್ ರೂಮಿನ ಬಣ್ಣವೇ ಬದಲಾಯಿತು.

ಚೂಡಿದಾರದ ಪ್ರಶ್ನೆ ಹಾಗೆ ಕೆಳಗಿನ ಹಂತದಲ್ಲಿ ಬಗೆಹರಿಯಿತು, ಮೇಲಿನ ಕುರ್ಚಿಗಳಿಗೆ ಉಳಿದುಕೊಂಡಿತು. ಉಪನ್ಯಾಸಕಿಗೆ ಒಪ್ಪುವ ಉಡುಪು ಕುಲಸಚಿವೆಗೆ 'ಅಷ್ಟು ಗೌರವವಲ್ಲ' ಎನಿಸುತ್ತದೆ. ಪಕ್ಕದ ರಾಜ್ಯಗಳು ಇದನ್ನು ಕಾಗದದ ಮೇಲೆ ತಂದವು. ತಮಿಳುನಾಡು 2019ರಲ್ಲಿ ಸರ್ಕಾರಿ ನೌಕರಿಯ ಮಹಿಳೆಯರಿಗೆ ಸೀರೆ, ಸಲ್ವಾರ್ ಕಮೀಜ್ ಅಥವಾ ದುಪಟ್ಟಾದೊಂದಿಗೆ ಚೂಡಿದಾರ ಎಂದು ಬರೆಯಿತು. ಕೇರಳ 2021ರಲ್ಲಿ ಅಧ್ಯಾಪಕಿಯರಿಗೆ ಸೀರೆ ಕಡ್ಡಾಯವಲ್ಲ ಎಂದು ಸ್ಪಷ್ಟಪಡಿಸಿತು. ಮಹಾರಾಷ್ಟ್ರ 2024ರಲ್ಲಿ ಶಾಲಾ ಶಿಕ್ಷಕರಿಗೆ ಜೀನ್ಸ್, ಟೀ ಶರ್ಟ್ ಬೇಡವೆಂದಿತು. ಇವುಗಳ ಪೈಕಿ ಕೇರಳದ ಮಾತು ನನಗೆ ಹೆಚ್ಚು ಹಿಡಿಸಿತು, ಏಕೆಂದರೆ ಅದು ಉಡುವವರ ಕೈಗೆ ನಿರ್ಧಾರವನ್ನು ಮರಳಿಸಿತು.

ಇತ್ತ ಗೌನಿನ ಮೇಲೂ ಅಸಮಾಧಾನ ಬೆಳೆಯಿತು. 2010ರಲ್ಲಿ ಭೋಪಾಲದ ಘಟಿಕೋತ್ಸವವೊಂದರಲ್ಲಿ ಅಂದಿನ ಕೇಂದ್ರ ಸಚಿವ ಜೈರಾಮ್ ರಮೇಶ್ ವೇದಿಕೆಯಲ್ಲೇ ಗೌನು ಕಳಚಿಟ್ಟರು. 2015ರಲ್ಲಿ, ಮತ್ತೆ 2019ರಲ್ಲಿ, ವಿಶ್ವವಿದ್ಯಾಲಯ ಧನಸಹಾಯ ಆಯೋಗ ಘಟಿಕೋತ್ಸವಗಳಿಗೆ ಕೈಮಗ್ಗದ ಉಡುಪು ಬಳಸಿ ಎಂದು ಪತ್ರ ಬರೆಯಿತು. 2024ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ತನ್ನ ಅಧೀನದ ವೈದ್ಯಕೀಯ ಸಂಸ್ಥೆಗಳಿಗೆ ಆಯಾ ರಾಜ್ಯದ ಪರಂಪರೆಗೆ ಒಪ್ಪುವ ಉಡುಪು ರೂಪಿಸಲು ಹೇಳಿತು. ಬಟ್ಟೆ ಯಾವುದು, ಯಾವ ನಾಡಿನದು ಎಂಬ ಮಾತು ಧಾರಾಳವಾಗಿ ನಡೆಯಿತು. ಅದನ್ನು ತೊಡುವ ಮೈ ಯಾರದು ಎಂಬ ಮಾತಿಗೆ ಯಾರೂ ಹೆಚ್ಚು ಸಮಯ ಕೊಡಲಿಲ್ಲ.

ಪ್ರಾದೇಶಿಕ ಉಡುಪು ಎಂದ ಕೂಡಲೇ ಕೊಡಗಿನಲ್ಲಿ ಎಲ್ಲರ ಕಣ್ಣು ಹಿಂಬದಿ ನೆರಿಗೆಯ ಸೀರೆಯ ಮೇಲೆ ಬೀಳುತ್ತದೆ. ಕಾವೇರಿ ನದಿಯಾಗಿ ಹರಿದಾಗ ಬಲಮುರಿಯಲ್ಲಿ ನೀರಿನ ರಭಸಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ಸರಿಯಿತು ಎಂಬ ಐತಿಹ್ಯ ಇಲ್ಲಿನ ಮಕ್ಕಳಿಗೂ ಗೊತ್ತು. ಅದನ್ನು ಉಡುವವರು ಕೊಡವರಷ್ಟೇ ಅಲ್ಲ, ಜಿಲ್ಲೆಯ ಬೇರೆ ಕೆಲವು ಸಮುದಾಯಗಳಲ್ಲೂ ಇದ್ದಾರೆ. ನೆರಿಗೆ ಸೊಂಟದ ಹಿಂದೆ ಸೇರುವುದರಿಂದ ಮುಂಗಾಲು ಬಿಡುವಾಗಿರುತ್ತದೆ. ಸೆರಗು ಎದೆಯನ್ನು ಬಿಗಿಯಾಗಿ ಸುತ್ತಿ ಬಲ ಹೆಗಲಿನಿಂದ ಮುಂದಕ್ಕೆ ಬಂದು ಪಿನ್ನಿಗೆ ಸಿಗುತ್ತದೆ, ಮತ್ತೆ ಜಾರುವುದಿಲ್ಲ. ತುಂಬು ತೋಳಿನ ರವಿಕೆ ಚಳಿ ತಡೆಯುತ್ತದೆ. ತಲೆಗೆ ಕಟ್ಟುವ ವಸ್ತ್ರ ಬಿಸಿಲು, ದೂಳು ತಡೆಯುತ್ತದೆ. ಗದ್ದೆಯ ಬದುವಿನ ಮೇಲೆ ನಡೆಯುವ, ತೋಟದ ಏರು ಹತ್ತುವ, ಎರಡೂ ಕೈಗೆ ಕೆಲಸವಿರುವ ಹೆಂಗಸಿನ ಉಡುಗೆ ಇದು. ನನ್ನ ದೃಷ್ಟಿಯಲ್ಲಿ ವೃತ್ತಿಗೆ ತಕ್ಕ ಉಡುಪು ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದು ಕಷ್ಟ. ಆದರೂ ಇಂದು ಅದು ಮದುವೆ, ಹಬ್ಬ ಮತ್ತು ಸ್ವಾಗತ ಸಮಿತಿಯ ಹುಡುಗಿಯರ ಪಾಲಾಗಿದೆ. ಜಿಲ್ಲೆಯ ಹೊರಗೆ ದೊಡ್ಡ ಹುದ್ದೆಯಲ್ಲಿದ್ದ ನನ್ನ ಗೆಳತಿಯೊಬ್ಬರು ಒಂದು ಸಾಮಾನ್ಯ ಮಂಗಳವಾರ ಅದನ್ನುಟ್ಟು ಕಚೇರಿಗೆ ಹೋದರು. 'ಇವತ್ತು ಮದುವೆಗೆ ಹೋಗುವುದಿದೆಯೇ ಮೇಡಂ?' ಎಂದು ಮೂವರು ಕೇಳಿದರಂತೆ. ಆ ದಿನ ಅವರಿಗೆ ಇದ್ದದ್ದು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಸಭೆ.

ಕೆಲವು ಸಮುದಾಯಗಳ ಉಡುಗೆಯನ್ನು ಇಡೀ ಜಿಲ್ಲೆಯ ಉಡುಪೆಂದು ಹೇರಿದರೆ ಯರವ, ಕುರುಬ, ಬ್ಯಾರಿ, ಮಲಯಾಳಿ ಮನೆಗಳಿಂದ ಬಂದ ಅಧ್ಯಾಪಕಿಯರು ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. 2022ರ ಸಮವಸ್ತ್ರ ವಿವಾದದ ನಂತರವಂತೂ ಆವರಣದೊಳಗೆ ಉಡುಪಿನ ಮಾತೆತ್ತಲು ಎಲ್ಲರೂ ಹಿಂಜರಿಯುತ್ತಾರೆ. ಆ ಹಿಂಜರಿಕೆಯಿಂದ ಹಳೆಯ ಅಲಿಖಿತ ನಿಯಮಗಳೇ ಮುಂದುವರಿಯುತ್ತವೆ.

2023ರಲ್ಲಿ, ಕುಶಾಲನಗರದ ಬಳಿ ಚಿಕ್ಕ ಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಜ್ಞಾನಕಾವೇರಿ ಆವರಣ ಕೊಡಗು ವಿಶ್ವವಿದ್ಯಾಲಯವಾಯಿತು. 2011ರ ಜನಗಣತಿಯಲ್ಲಿ ಸಾವಿರ ಪುರುಷರಿಗೆ 1,019 ಮಹಿಳೆಯರಿದ್ದ ಜಿಲ್ಲೆ ಇದು. 2025ರ ಆರಂಭದಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಹಳೆಯವುಗಳೊಂದಿಗೆ ವಿಲೀನಗೊಳಿಸುವ ಮಾತು ಎದ್ದಾಗ ಕಳವಳವಾದದ್ದು ನಿಜ. ವಿಶ್ವವಿದ್ಯಾಲಯದ ಉಳಿವೇ ಪ್ರಶ್ನೆಯಾಗಿರುವಾಗ ಸೀರೆಯ ಮಾತೇಕೆ ಎನ್ನುವವರಿದ್ದಾರೆ. ಹೊಸ ಸಂಸ್ಥೆಯಲ್ಲಿ ಅಭ್ಯಾಸಗಳು ಇನ್ನೂ ಹೆಪ್ಪುಗಟ್ಟಿರುವುದಿಲ್ಲ, ಈ ಮಾತನ್ನು ಆಡಬೇಕಾದ ಕಾಲ ಇದೇ ಎಂಬುದು ನನ್ನ ಅನಿಸಿಕೆ.

ದಿನದ ಕೆಲಸಕ್ಕೆ ಏನು ಉಡಬೇಕೆಂಬುದನ್ನು ಆ ಕುರ್ಚಿಯಲ್ಲಿ ಕುಳಿತವರಿಗೇ ಬಿಡಬಹುದು. ಉಳಿಯುವುದು ಘಟಿಕೋತ್ಸವದ ಗೌನು ಅಥವಾ ಅದರ ಜಾಗಕ್ಕೆ ಬರುವ ಮೇಲಂಗಿ. ಒಳಗೆ ಮೈಕಿನ ಪೆಟ್ಟಿಗೆ ಹಿಡಿಸುವಷ್ಟು ಒಂದು ಜೇಬು ಬೇಕು. ಪಟ್ಟಿ ಜಾರದಂತೆ ಎರಡೂ ಹೆಗಲಿಗೆ ಕೊಕ್ಕೆ ಬೇಕು, ಏಕೆಂದರೆ ಕೆಲವರ ಸೆರಗು ಎಡಕ್ಕೆ, ಕೆಲವರದು ಬಲಕ್ಕೆ. ಹಿಂದೆ ನೆರಿಗೆ ಇರುವವರು ಕುಳಿತೇಳುವಾಗ ಸಿಕ್ಕಿಹಾಕಿಕೊಳ್ಳದಂತೆ ಹಿಂಬದಿಯಲ್ಲಿ ಒಂದಿಷ್ಟು ಅಗಲ ಬಿಡಬೇಕು. ಅಳತೆ ತೆಗೆಯುವ ದಿನ ದರ್ಜಿಯ ಮುಂದೆ ಶರ್ಟು ತೊಟ್ಟವರ ಜೊತೆಗೆ ಸೀರೆಯುಟ್ಟ ಇಬ್ಬರನ್ನೂ ನಿಲ್ಲಿಸಿದರೆ ಆತನಿಗೆ ಇದೆಲ್ಲ ಹೇಳದೆಯೇ ತಿಳಿಯುತ್ತದೆ.