ಸೂಜಿ ಹಾಕುವುದನ್ನು ಯಾವಾಗ ಕಲಿಸುತ್ತೀರಿ?

ಪ್ರಶ್ನೆ: ನಾನು ಸೇಡಂ ತಾಲ್ಲೂಕಿನವನು, ಪಿಯುಸಿಯಲ್ಲಿ ಕಲಾ ವಿಭಾಗ ಓದಿದ್ದೇನೆ. ತುರ್ತು ಪ್ರಥಮ ಸ್ಪಂದಕರ ತರಬೇತಿಗೆ ಸೇರಬಹುದೇ? ಅಲ್ಲಿ ಇಂಜೆಕ್ಷನ್ ಕೊಡುವುದನ್ನು ಕಲಿಸುತ್ತಾರೆಯೇ?

ಸೇರಬಹುದು. ಕಲಿಸುವುದಿಲ್ಲ.

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಆರಂಭಿಕ ಹಂತದ ಪ್ರಥಮ ಚಿಕಿತ್ಸಾ ತರಬೇತಿಗೆ ವಿಜ್ಞಾನ ಓದಿರಬೇಕಾಗಿಲ್ಲ. ಸೇಂಟ್ ಜಾನ್ ಆಂಬ್ಯುಲೆನ್ಸ್, ರೆಡ್ ಕ್ರಾಸ್ ಸಂಸ್ಥೆಗಳು ಇದನ್ನು ಬಹುಕಾಲದಿಂದ ನಡೆಸುತ್ತಿವೆ. ಕಂಡಕ್ಟರ್ ಲೈಸೆನ್ಸ್ ಮಾಡಿಸಿದವರಿಗೆ ಆ ಪ್ರಮಾಣಪತ್ರದ ಪರಿಚಯವಿದೆ. ವಾಡಿ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವವರಿಗೂ ಇರುತ್ತದೆ: 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 45ನೇ ಕಲಂ ಪ್ರಕಾರ 150 ಕಾರ್ಮಿಕರಿಗೆ ಒಂದರಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕಿತ್ತು, ಅದರ ಹೊಣೆ ಪ್ರಮಾಣಪತ್ರ ಪಡೆದವರ ಮೇಲಿರಬೇಕಿತ್ತು. 108ರ ವಾಹನದಲ್ಲಿ ಕೂರುವ ತಂತ್ರಜ್ಞರ ಕೆಲಸ ಬೇರೆ, ಅದಕ್ಕೆ ಇನ್ನೂ ದೀರ್ಘವಾದ ಕೋರ್ಸ್ ಬೇರೆ.

ಇನ್ನು ಸೂಜಿಯ ವಿಷಯ. ಕಲಬುರಗಿಯಲ್ಲಿ ಯಾವ ತಂಡ ಬಂದು ಕುಳಿತರೂ ಮೊದಲ ದಿನ ಚಹಾ ವಿರಾಮದೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ. ‘ಇಲ್ಲ’ ಎಂದೊಡನೆ ಅರ್ಧ ಜನರ ಮುಖ ಸಪ್ಪಗಾಗುತ್ತದೆ. ಸೂಜಿ ಚುಚ್ಚದವನು ಮಾಡಿದ್ದು ಚಿಕಿತ್ಸೆಯೇ ಅಲ್ಲ, ಬಾಟಲಿ ಏರಿಸದಿದ್ದರೆ ಅದು ಆಸ್ಪತ್ರೆಯೇ ಅಲ್ಲ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಅಷ್ಟು ಆಳಕ್ಕಿಳಿದಿದೆ.

ಹೃದಯ ನಿಂತ ಮನುಷ್ಯನನ್ನೇ ತೆಗೆದುಕೊಳ್ಳಿ. ಅವನ ತೋಳಿಗೆ ಜಗತ್ತಿನ ಅತಿ ದುಬಾರಿ ಔಷಧಿ ಚುಚ್ಚಿದಿರಿ ಎನ್ನೋಣ. ಅದನ್ನು ಹೃದಯಕ್ಕೆ ಒಯ್ಯುವವರು ಯಾರು? ರಕ್ತವೇ ಹರಿಯುತ್ತಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಅಡ್ರಿನಲಿನ್ ಕೊಡುವಾಗಲೂ ಪಕ್ಕದಲ್ಲಿ ಒಬ್ಬರು ಎದೆ ಒತ್ತುತ್ತಲೇ ಇರುತ್ತಾರೆ. ಆಮ್ಲಜನಕ ಸಿಗದ ಮಿದುಳು ನಾಲ್ಕೈದು ನಿಮಿಷಗಳಲ್ಲೇ ಹಾನಿಗೊಳ್ಳತೊಡಗುತ್ತದೆ. ಆ ಹೊತ್ತಿನಲ್ಲಿ ಕೆಲಸಕ್ಕೆ ಬರುವುದು ಅಂಗೈ: ಎದೆಯ ನಡುವೆ, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ.

ಇದನ್ನು ಬೊಂಬೆಯ ಮೇಲೆ ಮಾಡಿಸುವಾಗ ಗಟ್ಟಿಮುಟ್ಟಾದ ಹುಡುಗರೇ ಮೊದಲು ಸೋಲುತ್ತಾರೆ. ಮೊಣಕೈ ಮಡಚಿ ತೋಳಿನ ಬಲದಿಂದ ಒತ್ತುತ್ತಾರೆ, ಎರಡನೇ ನಿಮಿಷಕ್ಕೆ ಸುಸ್ತು. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು: ಒತ್ತಿದ ಮೇಲೆ ಭಾರ ಪೂರ್ತಿ ಬಿಡುವುದಿಲ್ಲ. ಬೋರಿನ ಕೈಪಂಪಿನ ಹಿಡಿಕೆಯನ್ನು ಅರ್ಧಕ್ಕೇ ನಿಲ್ಲಿಸಿ ಮತ್ತೆ ಒತ್ತಿದರೆ ನೀರು ಬರುತ್ತದೆಯೇ? ಎದೆ ಪೂರ್ತಿ ಮೇಲೆದ್ದರೆ ಮಾತ್ರ ಹೃದಯದೊಳಗೆ ರಕ್ತ ತುಂಬುತ್ತದೆ. ಈ ಬಾರಿಯ ತಂಡದಲ್ಲಿ ಇದನ್ನು ಎಲ್ಲರಿಗಿಂತ ಮೊದಲು ಸರಿಯಾಗಿ ಮಾಡಿದವರು ಸಣಕಲು ಮೈಯ ಅಂಗನವಾಡಿ ಕಾರ್ಯಕರ್ತೆಯೊಬ್ಬರು. ತೋಳು ನೇರ, ಭುಜ ಅಂಗೈಯ ಮೇಲೆ, ಭಾರವೆಲ್ಲ ಸೊಂಟದಿಂದ.

ಗಾಯವಾದವನಿಗೆ ‘ಮೊದಲು ಟಿಟಿ ಕೊಡಿಸಿ’ ಎನ್ನುವವರಿಗೂ ಒಂದು ಮಾತು. ಆ ಇಂಜೆಕ್ಷನ್ ಬೇಕಾದದ್ದೇ. ಆದರೆ ಅದು ಕೆಲವು ದಿನಗಳ ನಂತರ ಕಾಣಿಸಿಕೊಳ್ಳಬಹುದಾದ ಧನುರ್ವಾಯುವನ್ನು ತಡೆಯಲಿಕ್ಕೆ. ತೊಡೆಯಿಂದ ಸುರಿಯುತ್ತಿರುವ ರಕ್ತಕ್ಕೂ ಅದಕ್ಕೂ ಸಂಬಂಧವಿಲ್ಲ. ರಕ್ತ ನಿಲ್ಲಿಸುವುದು ಶುಭ್ರ ಬಟ್ಟೆ ಮತ್ತು ಬಿಡದೆ ಒತ್ತಿ ಹಿಡಿದ ಕೈ. ಮೇ ತಿಂಗಳಲ್ಲಿ ಬಿಸಿಲ ಹೊಡೆತಕ್ಕೆ ಕುಸಿದವನಿಗೆ ಜ್ವರದ ಸೂಜಿ ಕೊಡಿಸುವುದೂ ಅಷ್ಟೇ ವ್ಯರ್ಥ. ಅದು ಜ್ವರವೇ ಅಲ್ಲ. ನೆರಳಿಗೆ ತನ್ನಿ, ಮೈಮೇಲೆ ನೀರು ಸುರಿಯಿರಿ, ಗಾಳಿ ಬೀಸಿ. ತೊಗರಿ ಹೊಲದಲ್ಲಿ ಮಂಡಲದ ಹಾವು ಕಚ್ಚಿದವನ ಸ್ನಾಯುವಿಗೆ ಹಳ್ಳಿಯಲ್ಲೇ ಯಾವುದೋ ಇಂಜೆಕ್ಷನ್ ಚುಚ್ಚಿದರೆ ಕೇಡು ಇನ್ನೂ ಹೆಚ್ಚು: ಆ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿರುತ್ತದೆ, ಚುಚ್ಚಿದ ಜಾಗದಲ್ಲೇ ಒಳಗೆ ರಕ್ತ ಸೋರುತ್ತದೆ. ವಿಷನಿರೋಧಕ ಔಷಧಿಗೆ ತೀವ್ರ ಅಲರ್ಜಿಯಾಗುವ ಅಪಾಯವಿರುವುದರಿಂದ ಅದನ್ನು ಆಸ್ಪತ್ರೆಯಲ್ಲೇ ಕೊಡಬೇಕು. ನಿಮ್ಮ ಕೆಲಸ ಕೈಕಾಲು ಅಲುಗಾಡದಂತೆ ನೋಡಿಕೊಂಡು ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೋ ಹತ್ತಿರದ ತಾಲ್ಲೂಕು ಆಸ್ಪತ್ರೆಗೋ ಬೇಗ ಮುಟ್ಟಿಸುವುದು.

ಪ್ರಮಾಣಪತ್ರ ಗೋಡೆಗೆ ತೂಗುಹಾಕಿ ಊರಲ್ಲಿ ಸೂಜಿ ಹಾಕುತ್ತ ಕೂರುವ ಯೋಚನೆ ಯಾರಿಗಾದರೂ ಇದ್ದರೆ ಅದು ನಕಲಿ ವೈದ್ಯಕೀಯ, ಶಿಕ್ಷಾರ್ಹ ಅಪರಾಧ. ಅಂಥವರು ನನ್ನ ತರಗತಿಗೆ ಬರುವುದು ಬೇಡ.

ನೀವು ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆ ಒಂದಿದೆ: 108ಕ್ಕೆ ಕರೆ ಮಾಡಿ ಏನು ಹೇಳಬೇಕು? ‘ಬೇಗ ಬರ್ರಿ, ಆಕ್ಸಿಡೆಂಟ್ ಆಗೇದ’ ಎಂದು ಕೂಗಿ ಫೋನ್ ಇಡುವವರೇ ಹೆಚ್ಚು. ಎಲ್ಲಿಗೆ ಬರಬೇಕು? ನಮ್ಮದು ಗಡಿ ಭಾಗ. ತೆಲಂಗಾಣದಲ್ಲೂ 108, ಮಹಾರಾಷ್ಟ್ರದಲ್ಲೂ 108. ಗಡಿ ಊರುಗಳಿಂದ ಮಾಡಿದ ಕರೆ ಆಚೆಯ ಕೇಂದ್ರಕ್ಕೆ ಹೋಗಿ ಬೀಳಬಹುದು. ಹಾಗಾಗಿ ಮೊದಲು ರಾಜ್ಯ, ಜಿಲ್ಲೆ, ತಾಲ್ಲೂಕು ಹೇಳಿ. ಹೊಲಗಳ ನಡುವಿನ ರಸ್ತೆಯಾದರೆ ಕಿಲೋಮೀಟರ್ ಕಲ್ಲು ಹುಡುಕಿ: ಹಳದಿ ತಲೆಯದ್ದು ರಾಷ್ಟ್ರೀಯ ಹೆದ್ದಾರಿ, ಹಸಿರು ತಲೆಯದ್ದು ರಾಜ್ಯ ಹೆದ್ದಾರಿ. ಅದರ ಮೇಲಿನ ಊರು, ಅಂಕಿ ಓದಿ ಹೇಳಿ. ಎಷ್ಟು ಜನ, ಮಾತನಾಡುತ್ತಿದ್ದಾರೆಯೇ, ಉಸಿರಿದೆಯೇ, ಯಾರಾದರೂ ವಾಹನದಡಿ ಸಿಕ್ಕಿಕೊಂಡಿದ್ದಾರೆಯೇ ಎಂಬುದನ್ನೂ ಸೇರಿಸಿ. ಅವರು ಸಾಕು ಎನ್ನುವವರೆಗೆ ಫೋನ್ ಇಡಬೇಡಿ. ಆಮೇಲೆ ವಿಡಿಯೊ ಮಾಡುತ್ತ ನಿಂತಿರುವವರಲ್ಲಿ ಒಬ್ಬನನ್ನು ಕರೆದು, ವಾಹನ ಬರುವ ದಿಕ್ಕಿಗೆ ನೂರು ಹೆಜ್ಜೆ ಮುಂದೆ ಕಳುಹಿಸಿ, ಆ ಮೊಬೈಲ್‌ನ ಟಾರ್ಚ್ ಬೀಸುತ್ತ ನಿಲ್ಲಲು ಹೇಳಿ.